ಚಾಪ್ಲಿನ್ ಮತ್ತು ಪತ್ರಿಕೆಗಳು: ಒಬ್ಬ ಅಭಿಮಾನಿ ಕಂಡಂತೆ



ಚಾರ್ಲಿ ಚಾಪ್ಲಿನ್ ಯಾರೆಂದು ನಿಮಗೆ ಹೇಳಬೇಕಾಗಿಲ್ಲ. ಬಿಗಿಯಾದ ಕೋಟು, ದೊಗಳೆ ಪ್ಯಾಂಟು, ಅಳತೆಗೆ ಮೀರಿದ ಬೂಟು, ಗಿಡ್ಡ ಮೀಸೆ, ಕೈಯಲ್ಲೊಂದು ಬೆತ್ತ ಇಷ್ಟು ಹೇಳಿದರೆ ಸಾಕು, ನಿಮ್ಮ ಮುಖದ ಮೇಲೆ ನಗೆ ಮೂಡುತ್ತದೆ. ಇಲ್ಲಿ ನಾನು ಆತನ ಚಿತ್ರಗಳ ಕಥೆ ಹೇಳಲು ಹೊರಟಿಲ್ಲ. ಆತನ ಬಗ್ಗೆ ಪತ್ರಿಕೆಗಳು ಏನು ಬರೆದವು, ಏಕೆ ಹಾಗೆ ಬರೆದವು, ಅದರಿಂದ ಏನಾಯಿತು ಎಂಬುದೇ ಈ ಪುಟಗಳ ವಿಷಯ. ಒಬ್ಬ ನಟನ ಬಗ್ಗೆ ಬಂದ ಸುದ್ದಿಯೂ ಇತಿಹಾಸವೇ? ಹೌದು. ಆ ಸುದ್ದಿಯ ಹಿಂದೆ ಎರಡು ಮಹಾಯುದ್ಧಗಳಿವೆ, ನ್ಯಾಯಾಲಯಗಳಿವೆ, ಸರ್ಕಾರಗಳಿವೆ.

ಮೊದಲು ಒಂದು ತಪ್ಪೊಪ್ಪಿಗೆ. ನಾನು ಚಾಪ್ಲಿನ್‌ನ ಅಭಿಮಾನಿ. ನಾನು ಚಿಕ್ಕವನಿದ್ದಾಗ ನಮ್ಮ ಶಾಲೆಯ ಅಂಗಳದಲ್ಲಿ ಬಿಳಿ ಪರದೆ ಕಟ್ಟಿ ‘ದಿ ಗೋಲ್ಡ್ ರಷ್’ ತೋರಿಸಿದ್ದರು. ಹಸಿವು ತಾಳಲಾರದೆ ಆತ ಬೂಟನ್ನೇ ಬೇಯಿಸಿ, ಮೊಳೆಗಳನ್ನು ಕೋಳಿಯ ಮೂಳೆ ಚೀಪಿದಂತೆ ಚೀಪುವುದನ್ನು ಕಂಡು ನಾವೆಲ್ಲ ಬಿದ್ದು ಬಿದ್ದು ನಕ್ಕಿದ್ದೆವು. 1977ರ ಡಿಸೆಂಬರ್ 25ರಂದು ಆತ ತೀರಿಕೊಂಡಾಗ ನಾನು ಹೈಸ್ಕೂಲಿನಲ್ಲಿದ್ದೆ. ಆ ವಾರದ ಪತ್ರಿಕೆಗಳಲ್ಲಿ ಬಂದ ಲೇಖನಗಳನ್ನೆಲ್ಲ ಕತ್ತರಿಸಿ, ಹಳೆಯ ಲೆಕ್ಕದ ನೋಟ್‌ಬುಕ್ಕಿನಲ್ಲಿ ಮೈದಾ ಅಂಟು ಹಚ್ಚಿ ಅಂಟಿಸಿದೆ. ಮುಂದೆ ವರ್ಷಗಟ್ಟಲೆ ಆ ಪುಸ್ತಕ ಬೆಳೆಯಿತು. ಆದರೆ ಅದರಲ್ಲಿ ಹೊಗಳಿಕೆ ಮಾತ್ರ ಇತ್ತು. ತೆಗಳಿಕೆ ಕಂಡರೆ ನಾನು ಕತ್ತರಿಯನ್ನೇ ಎತ್ತುತ್ತಿರಲಿಲ್ಲ. ಕಾಲೇಜಿಗೆ ಬಂದು ಇತಿಹಾಸ ಓದತೊಡಗಿದ ಮೇಲೆ ನನಗೆ ಒಂದು ಪ್ರಶ್ನೆ ಕಾಡಿತು: ಇಷ್ಟೊಂದು ಮಂದಿ ಮೆಚ್ಚಿದ ಮನುಷ್ಯ ಅಮೆರಿಕವನ್ನು ಬಿಟ್ಟು ಸ್ವಿಟ್ಜರ್ಲೆಂಡಿನಲ್ಲಿ ಏಕೆ ಬಾಳಬೇಕಾಯಿತು? ನನ್ನ ನೋಟ್‌ಬುಕ್ಕಿನಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಉತ್ತರ ಇದ್ದದ್ದು ನಾನು ಕತ್ತರಿಸದೆ ಬಿಟ್ಟ ಕಾಲಂಗಳಲ್ಲಿ.

ಮೊದಲ ಚಿತ್ರದಲ್ಲೇ ಪತ್ರಕರ್ತ

ಇಲ್ಲೊಂದು ಸ್ವಾರಸ್ಯವನ್ನು ಗಮನಿಸಿ. ಚಾಪ್ಲಿನ್ ತೆರೆಯ ಮೇಲೆ ಕಾಣಿಸಿಕೊಂಡ ಮೊದಲ ಚಿತ್ರ ‘ಮೇಕಿಂಗ್ ಎ ಲಿವಿಂಗ್’. ಕೀಸ್ಟೋನ್ ಕಂಪನಿಯ ಈ ಚಿತ್ರ ಬಿಡುಗಡೆಯಾದದ್ದು 1914ರ ಫೆಬ್ರವರಿ 2ರಂದು. ಅದರಲ್ಲಿ ಆತನದು ಒಬ್ಬ ಠಕ್ಕನ ಪಾತ್ರ. ಹೊಟ್ಟೆಪಾಡಿಗಾಗಿ ಪತ್ರಿಕೆಯೊಂದರಲ್ಲಿ ಕೆಲಸ ಹಿಡಿಯಲು ಹೋಗುವ ಈತ, ಇನ್ನೊಬ್ಬ ವರದಿಗಾರ ಕಷ್ಟಪಟ್ಟು ತೆಗೆದ ಅಪಘಾತದ ಫೋಟೋವನ್ನು ಲಪಟಾಯಿಸಿ, ತನ್ನದೇ ಎಂದು ಪತ್ರಿಕಾ ಕಚೇರಿಗೆ ಒಯ್ಯುತ್ತಾನೆ. ಐದೇ ದಿನಗಳ ನಂತರ ಬಂದ ‘ಕಿಡ್ ಆಟೋ ರೇಸಸ್ ಅಟ್ ವೆನಿಸ್’ ಚಿತ್ರದಲ್ಲಿ ನಮಗೆ ಪರಿಚಿತನಾದ ಆ ಅಲೆಮಾರಿ ಮೊದಲ ಸಲ ಪ್ರೇಕ್ಷಕರ ಮುಂದೆ ಬಂದ. ಅಲ್ಲಿ ಆತ ಮಾಡುವ ಕೆಲಸ ಒಂದೇ. ಮಕ್ಕಳ ಕಾರು ಪಂದ್ಯವನ್ನು ಸುದ್ದಿಚಿತ್ರಕ್ಕಾಗಿ ಚಿತ್ರಿಸುತ್ತಿರುವ ಕ್ಯಾಮೆರಾಕ್ಕೆ ಮತ್ತೆ ಮತ್ತೆ ಅಡ್ಡ ಬರುವುದು. ತಳ್ಳಿದಷ್ಟೂ ಮತ್ತೆ ಬಂದು ನಿಲ್ಲುತ್ತಾನೆ. ಸುದ್ದಿಯೂ ಈ ಮನುಷ್ಯನೂ ಮುಂದೆ ಅರವತ್ತು ವರ್ಷ ಒಬ್ಬರನ್ನೊಬ್ಬರು ಬಿಡಲಿಲ್ಲ.

ಮೊದಲ ಚಿತ್ರಕ್ಕೆ ‘ಮೂವಿಂಗ್ ಪಿಕ್ಚರ್ ವರ್ಲ್ಡ್’ ಎಂಬ ವ್ಯಾಪಾರಿ ಪತ್ರಿಕೆ ಪುಟ್ಟ ವಿಮರ್ಶೆ ಬರೆಯಿತು. ಠಕ್ಕನ ಪಾತ್ರ ಮಾಡಿದವನು ಮೊದಲ ದರ್ಜೆಯ ಹಾಸ್ಯನಟ ಎಂಬುದು ಅದರ ಅಭಿಪ್ರಾಯ. ಆದರೆ ಆತನ ಹೆಸರು ಅದರಲ್ಲಿರಲಿಲ್ಲ! ಲಂಡನ್ನಿನ ಬಡತನದಲ್ಲಿ ಬೆಳೆದು, ಏಳು ವರ್ಷದ ಹುಡುಗನಾಗಿ ನಿರ್ಗತಿಕರ ಆಶ್ರಯ ಕಂಡು, ಫ್ರೆಡ್ ಕಾರ್ನೋನ ನಾಟಕ ತಂಡದೊಂದಿಗೆ ಅಮೆರಿಕಕ್ಕೆ ಬಂದಿದ್ದ 24 ವರ್ಷದ ತರುಣನ ಹೆಸರು ಆ ಪತ್ರಿಕೆಗೆ ಇನ್ನೂ ಸುದ್ದಿಯಾಗಿರಲಿಲ್ಲ.

ಚಾಪ್ಲಿನ್ ಜ್ವರ

ಒಂದೇ ವರ್ಷದಲ್ಲಿ ಚಿತ್ರ ಬದಲಾಯಿತು. 1915ರಲ್ಲಿ ಅಮೆರಿಕದ ‘ಮೋಷನ್ ಪಿಕ್ಚರ್ ಮ್ಯಾಗಜೀನ್’ ಈ ಗೀಳಿಗೆ ಒಂದು ರೋಗದ ಹೆಸರನ್ನೇ ಕಟ್ಟಿತು: ‘ಚಾಪ್ಲಿನೈಟಿಸ್’. ನಮ್ಮ ಭಾಷೆಯಲ್ಲಿ ಚಾಪ್ಲಿನ್ ಜ್ವರ ಎನ್ನೋಣ. ಅಂಗಡಿಗಳಲ್ಲಿ ಚಾಪ್ಲಿನ್ ಗೊಂಬೆಗಳು, ಪತ್ರಿಕೆಗಳಲ್ಲಿ ಚಾಪ್ಲಿನ್ ಚಿತ್ರಕಥೆಗಳು, ಊರೂರಲ್ಲಿ ಆತನ ನಡಿಗೆಯ ಅನುಕರಣೆ.

ಇದು ತಾನಾಗಿಯೇ ಆದದ್ದಲ್ಲ ಎಂಬುದನ್ನು ನೀವು ತಿಳಿಯಬೇಕು. ಸಿನಿಮಾ ಹುಟ್ಟಿದ ಮೊದಲ ವರ್ಷಗಳಲ್ಲಿ ಕಂಪನಿಗಳು ಸಾಮಾನ್ಯವಾಗಿ ನಟರ ಹೆಸರನ್ನು ಪ್ರಕಟಿಸುತ್ತಿರಲಿಲ್ಲ. ಆದರೆ ಪ್ರೇಕ್ಷಕರು ‘ಆ ನಟ ಯಾರು?’ ಎಂದು ಕೇಳತೊಡಗಿದರು. ಆ ಪ್ರಶ್ನೆಗೆ ಉತ್ತರ ಕೊಡಲು 1911ರಿಂದ ಸಿನಿಮಾ ಪತ್ರಿಕೆಗಳೇ ಹುಟ್ಟಿಕೊಂಡವು. ಪತ್ರಿಕೆಗೆ ಓದುಗರು ಬೇಕು, ಕಂಪನಿಗೆ ಪ್ರೇಕ್ಷಕರು ಬೇಕು. ಇಬ್ಬರಿಗೂ ಬೇಕಾದದ್ದು ಒಂದೇ, ಜನ ಮರೆಯಲಾಗದ ಒಂದು ಮುಖ. ಚಾಪ್ಲಿನ್‌ನ ಮುಖ ಅದಾಯಿತು. ಮೂಕಿ ಚಿತ್ರವಾದ್ದರಿಂದ ಭಾಷೆಯ ಅಡ್ಡಿಯೂ ಇರಲಿಲ್ಲ.

ಸಂಬಳವೂ ಸುದ್ದಿಯಾಯಿತು. ಕೀಸ್ಟೋನ್‌ನಲ್ಲಿ ಆತನಿಗೆ ವಾರಕ್ಕೆ 150 ಡಾಲರ್. 1915ರಲ್ಲಿ ಎಸನೆ ಕಂಪನಿ ವಾರಕ್ಕೆ 1,250 ಡಾಲರ್ ಕೊಟ್ಟಿತು. 1916ರ ಫೆಬ್ರವರಿಯಲ್ಲಿ ಮ್ಯೂಚುಯಲ್ ಕಂಪನಿಯೊಂದಿಗೆ ಆದ ಒಪ್ಪಂದ ವರ್ಷಕ್ಕೆ 6,70,000 ಡಾಲರಿನದು. ಚೆಕ್ ಕೈಗಿಡುವ ಫೋಟೋವನ್ನು ಕಂಪನಿಯೇ ತೆಗೆಸಿ ಹಂಚಿತು. ಯುರೋಪಿನ ಯುದ್ಧವನ್ನು ಬಿಟ್ಟರೆ ಪ್ರಪಂಚದಲ್ಲಿ ಅತಿ ದುಬಾರಿಯಾದದ್ದು ಚಾಪ್ಲಿನ್ನೇ ಎಂದು ಕಂಪನಿಯ ಪ್ರಚಾರ ವಿಭಾಗ ತಮಾಷೆ ಮಾಡಿತು. ಆ ತಮಾಷೆಯನ್ನು ನೆನಪಿಡಿ. ಬೇಗನೆ ಅದು ಆತನಿಗೇ ತಿರುಗುಬಾಣವಾಯಿತು.

ಯುದ್ಧ ಮತ್ತು ಬಿಳಿ ಗರಿ

1914ರಿಂದ 1918ರವರೆಗೆ ಯುರೋಪಿನಲ್ಲಿ ಮೊದಲ ಮಹಾಯುದ್ಧ ನಡೆಯಿತು. 1916ರಲ್ಲಿ ಬ್ರಿಟನ್ ಕಡ್ಡಾಯ ಸೈನ್ಯ ಸೇವೆಯನ್ನು ಜಾರಿಗೆ ತಂದಿತು. ಸಾಮಾನ್ಯ ಸಿಪಾಯಿಯ ಮೂಲ ಸಂಬಳ ದಿನಕ್ಕೊಂದು ಶಿಲಿಂಗ್. ಅದೇ ದೇಶದ ಪ್ರಜೆ, ಇಪ್ಪತ್ತೇಳರ ತರುಣ, ಅಮೆರಿಕದ ಬಿಸಿಲಿನಲ್ಲಿ ಲಕ್ಷಗಟ್ಟಲೆ ಡಾಲರ್ ಗಳಿಸುತ್ತಿದ್ದಾನೆ. ಮಗನನ್ನು ಕಳೆದುಕೊಂಡ ತಾಯಿಗೆ ಈ ಸುದ್ದಿ ಹೇಗೆ ಕಂಡಿರಬಹುದು, ಯೋಚಿಸಿ.

ಬ್ರಿಟನ್ನಿನ ಪತ್ರಿಕಾ ದೊರೆ ಲಾರ್ಡ್ ನಾರ್ತ್‌ಕ್ಲಿಫ್‌ನ ಪತ್ರಿಕೆಗಳು 1917ರಲ್ಲಿ ಈ ಸಿಟ್ಟಿಗೆ ಬಾಯಿ ಕೊಟ್ಟವು. ಚಾಪ್ಲಿನ್ ಸೈನ್ಯದಿಂದ ತಲೆತಪ್ಪಿಸಿಕೊಂಡಿದ್ದಾನೆ ಎಂಬ ಆರೋಪ ಹಬ್ಬಿತು. ಹೇಡಿಗಳೆಂದು ಹೀಯಾಳಿಸಲು ಆಗ ಬಿಳಿ ಗರಿ ಕಳಿಸುವ ರೂಢಿಯಿತ್ತು. ಚಾಪ್ಲಿನ್‌ಗೂ ಅಂಚೆಯಲ್ಲಿ ಬಿಳಿ ಗರಿಗಳು ಬಂದವು.

ಇನ್ನೊಂದು ಮಗ್ಗುಲೂ ಇತ್ತು. ಚಾಪ್ಲಿನ್ ಬಯಸಿದಾಗ ಸೇನೆಗೆ ಸೇರಬಹುದು, ಆದರೆ ದುಡಿದು ಯುದ್ಧ ಸಾಲಪತ್ರ ಕೊಳ್ಳುವುದರಿಂದಲೂ ಆತ ದೇಶಕ್ಕೆ ಅಷ್ಟೇ ಉಪಯುಕ್ತ ಎಂದು ಬ್ರಿಟಿಷ್ ರಾಯಭಾರ ಕಚೇರಿಯೇ ಹೇಳಿತು. 1918ರಲ್ಲಿ ಮೇರಿ ಪಿಕ್‌ಫೋರ್ಡ್, ಡಗ್ಲಾಸ್ ಫೇರ್‌ಬ್ಯಾಂಕ್ಸ್ ಜೊತೆ ಊರೂರು ಸುತ್ತಿ ಆತ ಯುದ್ಧ ಸಾಲಪತ್ರಗಳನ್ನು ಮಾರಿದ. ಅದೇ ವರ್ಷ ಕಂದಕದ ಬದುಕನ್ನೇ ಹಾಸ್ಯ ಮಾಡಿದ ‘ಶೋಲ್ಡರ್ ಆರ್ಮ್ಸ್’ ಬಂತು. ಸೈನಿಕರು ಅದನ್ನು ಮೆಚ್ಚಿದರು. ಹಾಸಿಗೆ ಹಿಡಿದ ಗಾಯಾಳುಗಳಿಗಾಗಿ ಆಸ್ಪತ್ರೆಯ ಛಾವಣಿಯ ಮೇಲೆ ಆತನ ಚಿತ್ರಗಳನ್ನು ಬಿಟ್ಟು ತೋರಿಸುತ್ತಿದ್ದರು. ಯುದ್ಧಭೂಮಿಯಲ್ಲಿದ್ದವರು ನಕ್ಕರು. ಬೈದವರಲ್ಲಿ ಬಹುಪಾಲು ಜನ ಮನೆಯಲ್ಲಿದ್ದವರು.

1921ರ ಸೆಪ್ಟೆಂಬರಿನಲ್ಲಿ ಚಾಪ್ಲಿನ್ ಲಂಡನ್ನಿಗೆ ಹೋದಾಗ ನಿಲ್ದಾಣದಿಂದ ಹೋಟೆಲಿನವರೆಗೆ ಜನಸಾಗರ. ‘ತಲೆತಪ್ಪಿಸಿಕೊಂಡವನು’ ಈಗ ಮನೆಗೆ ಮರಳಿದ ಮಗ! ಆದರೆ ಆ ಹಳೆಯ ಮಾತು ಸಾಯಲಿಲ್ಲ. ಒಮ್ಮೆ ಅಚ್ಚಾದ ಆರೋಪ ಹಾಗೆಯೇ. ಬೂದಿಯ ಕೆಳಗಿನ ಕೆಂಡದಂತೆ ಇದ್ದು, ಗಾಳಿ ಬೀಸಿದಾಗ ಮತ್ತೆ ಉರಿಯುತ್ತದೆ.

ಸಹನಟನೊಬ್ಬನ ಪಾಡು

ಅದೇ 1921ರ ಸೆಪ್ಟೆಂಬರಿನಲ್ಲಿ ಹಾಲಿವುಡ್ಡನ್ನು ನಡುಗಿಸಿದ ಇನ್ನೊಂದು ಘಟನೆ ನಡೆಯಿತು. ಕೀಸ್ಟೋನ್‌ನಲ್ಲಿ ಚಾಪ್ಲಿನ್ ಜೊತೆ ನಟಿಸಿದ್ದ ಸ್ಥೂಲಕಾಯದ ಹಾಸ್ಯನಟ ರಾಸ್ಕೋ ಆರ್ಬಕಲ್ ಸ್ಯಾನ್ ಫ್ರಾನ್ಸಿಸ್ಕೋದ ಹೋಟೆಲಿನಲ್ಲಿ ಕೊಟ್ಟ ಪಾರ್ಟಿಯಲ್ಲಿ ವರ್ಜೀನಿಯಾ ರಾಪ್ ಎಂಬ ನಟಿ ಅಸ್ವಸ್ಥಳಾಗಿ, ಕೆಲವು ದಿನಗಳಲ್ಲಿ ತೀರಿಕೊಂಡಳು. ಆರ್ಬಕಲ್ ಮೇಲೆ ಮೊಕದ್ದಮೆಯಾಯಿತು. ವಿಲಿಯಂ ರಾಂಡಾಲ್ಫ್ ಹರ್ಸ್ಟ್‌ನ ಪತ್ರಿಕೆಗಳು ತೀರ್ಪು ಬರುವ ಮೊದಲೇ ತಾವೇ ತೀರ್ಪು ಬರೆದವು. ನಟನನ್ನು ರಾಕ್ಷಸನನ್ನಾಗಿ ಮಾಡಿದವು. ಸತ್ತ ಹೆಣ್ಣುಮಗಳ ಚಾರಿತ್ರ್ಯವೂ ಬೀದಿಗೆ ಬಂತು. ಮೂರು ವಿಚಾರಣೆಗಳಾದವು. 1922ರ ಏಪ್ರಿಲ್‌ನಲ್ಲಿ ಮೂರನೆಯ ಜ್ಯೂರಿ ಆತ ನಿರ್ದೋಷಿ ಎಂದಿತು. ಅಷ್ಟೇ ಅಲ್ಲ, ಆತನಿಗೆ ದೊಡ್ಡ ಅನ್ಯಾಯವಾಗಿದೆ ಎಂದು ಲಿಖಿತ ಹೇಳಿಕೆಯನ್ನೂ ಕೊಟ್ಟಿತು. ಆದರೆ ಕೆಲವೇ ದಿನಗಳಲ್ಲಿ ಆತನ ಚಿತ್ರಗಳ ಪ್ರದರ್ಶನಕ್ಕೆ ನಿಷೇಧ ಬಂತು. ವರ್ಷಾಂತ್ಯಕ್ಕೆ ಅದನ್ನು ತೆಗೆದರೂ ಆತ ಹಿಂದಿನ ಸ್ಥಾನಕ್ಕೆ ಮತ್ತೆ ಏರಲಿಲ್ಲ. ನಗಿಸುವವನನ್ನು ನೋಡಿ ನಗಲು ಜನ ಹಿಂಜರಿದರೆ ಅವನ ಕಸುಬೇ ಮುಗಿಯಿತು. ಹಾಸ್ಯನಟನಿಗೆ ಪತ್ರಿಕೆಯ ಪೆಟ್ಟು ಹೆಚ್ಚು ನೋಯುವುದು ಇದಕ್ಕೇ.

ಅಭಿಮಾನಿಗೆ ಕಷ್ಟವಾದ ಪುಟ

ಈಗ ನಾನು ನೋಟ್‌ಬುಕ್ಕಿನಿಂದ ಬಿಟ್ಟಿದ್ದ ಪುಟಕ್ಕೆ ಬರುತ್ತೇನೆ. 1924ರಲ್ಲಿ ಚಾಪ್ಲಿನ್ ಲೀಟಾ ಗ್ರೇ ಎಂಬ ಹುಡುಗಿಯನ್ನು ಮೆಕ್ಸಿಕೋದಲ್ಲಿ ಮದುವೆಯಾದ. ಆತನಿಗೆ 35, ಆಕೆಗೆ 16. ಮದುವೆಗೆ ಮೊದಲೇ ಆಕೆ ಗರ್ಭಿಣಿಯಾಗಿದ್ದಳು. 1927ರ ಜನವರಿಯಲ್ಲಿ ಆಕೆ ವಿಚ್ಛೇದನಕ್ಕೆ ಅರ್ಜಿ ಹಾಕಿದಳು. ದಾಂಪತ್ಯದ ಒಳಗುಟ್ಟುಗಳನ್ನೆಲ್ಲ ಬರೆದಿದ್ದ ಆ ದೀರ್ಘ ಅರ್ಜಿಯ ಪ್ರತಿಗಳು ಬೀದಿಯಲ್ಲಿ ಮಾರಾಟವಾದವು. ಪತ್ರಿಕೆಗಳಿಗೆ ಹಬ್ಬ. ಕೆಲವು ಕಡೆ ಆತನ ಚಿತ್ರಗಳನ್ನು ನಿಷೇಧಿಸಿ ಎಂಬ ಕೂಗೆದ್ದಿತು. ‘ದಿ ಸರ್ಕಸ್’ ಚಿತ್ರದ ಕೆಲಸ ತಿಂಗಳುಗಟ್ಟಲೆ ನಿಂತಿತು. ಆಗಸ್ಟ್‌ನಲ್ಲಿ ಆರು ಲಕ್ಷ ಡಾಲರಿಗೂ ಮಿಗಿಲಾದ ಪರಿಹಾರ ಕೊಟ್ಟು ಚಾಪ್ಲಿನ್ ಪ್ರಕರಣ ಮುಗಿಸಿದ.

ಹಿಂದೆ ನಾನು ‘ಪತ್ರಿಕೆಗಳು ಬಡಪಾಯಿ ಕಲಾವಿದನನ್ನು ಕಾಡಿದವು’ ಎಂದಷ್ಟೇ ಹೇಳಿ ಮುಂದೆ ಹೋಗುತ್ತಿದ್ದೆ. ಇಂದು ಹಾಗೆ ಹೇಳಲಾರೆ. ಪತ್ರಿಕೆಗಳು ಚಪಲದಿಂದ ಬರೆದದ್ದು ನಿಜ. ಹದಿನಾರರ ಹುಡುಗಿಯ ವಿಷಯದಲ್ಲಿ ಚಾಪ್ಲಿನ್ ನಡೆದುಕೊಂಡ ರೀತಿ ತಪ್ಪು ಎಂಬುದೂ ನಿಜ. ಈ ಎರಡೂ ಏಕಕಾಲಕ್ಕೆ ನಿಜವಾಗಬಹುದು. ಪತ್ರಿಕೆ ಕೆಟ್ಟ ಉದ್ದೇಶದಿಂದ ಬರೆದ ಮಾತ್ರಕ್ಕೆ ಬರೆದದ್ದೆಲ್ಲ ಸುಳ್ಳಾಗುವುದಿಲ್ಲ. ಅಭಿಮಾನಿಗೆ ಇದನ್ನು ಒಪ್ಪಿಕೊಳ್ಳುವುದು ಕಷ್ಟ, ಇತಿಹಾಸದ ವಿದ್ಯಾರ್ಥಿಗೆ ಇದು ಮೊದಲ ಪಾಠ.

ಗಾಂಧೀಜಿಯ ಪಕ್ಕದಲ್ಲಿ

1931ರ ಸೆಪ್ಟೆಂಬರ್ 22ರಂದು ತೆಗೆದ ಒಂದು ಫೋಟೋವನ್ನು ನೀವು ನೋಡಿರಬಹುದು. ಎರಡನೆಯ ದುಂಡುಮೇಜಿನ ಪರಿಷತ್ತಿಗೆ ಲಂಡನ್ನಿಗೆ ಹೋಗಿದ್ದ ಗಾಂಧೀಜಿಯವರನ್ನು ಚಾಪ್ಲಿನ್ ಪೂರ್ವ ಲಂಡನ್ನಿನ ಕ್ಯಾನಿಂಗ್ ಟೌನ್‌ನಲ್ಲಿ, ಭಾರತೀಯ ವೈದ್ಯರೊಬ್ಬರ ಮನೆಯಲ್ಲಿ ಕಂಡ. ಭೇಟಿಗೆ ಮೊದಲು ಗಾಂಧೀಜಿಯವರಿಗೆ ಚಾಪ್ಲಿನ್ ಯಾರೆಂದೇ ತಿಳಿದಿರಲಿಲ್ಲವಂತೆ! ಹೊರಗೆ ಜನಜಂಗುಳಿ, ಒಳಗೆ ಫೋಟೋಗ್ರಾಫರುಗಳ ನೂಕುನುಗ್ಗಲು. ಆ ಗದ್ದಲದ ನಡುವೆ ಚಾಪ್ಲಿನ್ ಕೇಳಿದ್ದು ಒಂದು ಗಂಭೀರ ಪ್ರಶ್ನೆ: ಯಂತ್ರಗಳನ್ನು ನೀವು ಏಕೆ ವಿರೋಧಿಸುತ್ತೀರಿ? ಐದು ವರ್ಷಗಳ ನಂತರ ಬಂದ ‘ಮಾಡರ್ನ್ ಟೈಮ್ಸ್’ನಲ್ಲಿ ಆತ ಯಂತ್ರದ ಹಲ್ಲುಗಳ ನಡುವೆ ಸಿಕ್ಕಿಕೊಂಡ ಕಾರ್ಮಿಕನಾದ. ಫೋಟೋ ನೋಡಿದವರು ಲಕ್ಷಾಂತರ, ಮಾತುಕತೆ ತಿಳಿದವರು ಕೆಲವರು. ಸುದ್ದಿಯ ಚಿತ್ರ ಎಷ್ಟನ್ನು ತೋರಿಸುತ್ತದೆ, ಎಷ್ಟನ್ನು ಬಿಡುತ್ತದೆ ಎಂಬುದಕ್ಕೆ ಇದೊಂದು ಉದಾಹರಣೆ.

ರಕ್ತ ಪರೀಕ್ಷೆ ಮತ್ತು ತಲೆಬರಹ

1940ರಲ್ಲಿ ಹಿಟ್ಲರನನ್ನು ಅಣಕಿಸಿದ ‘ದಿ ಗ್ರೇಟ್ ಡಿಕ್ಟೇಟರ್’ ಬಂತು. 1942ರಲ್ಲಿ ಚಾಪ್ಲಿನ್, ಹಿಟ್ಲರನ ವಿರುದ್ಧ ಹೋರಾಡುತ್ತಿದ್ದ ಸೋವಿಯತ್ ರಷ್ಯಾಕ್ಕೆ ನೆರವಾಗಲು ಯುರೋಪಿನಲ್ಲಿ ಎರಡನೆಯ ರಣರಂಗ ತೆರೆಯಬೇಕೆಂದು ಸಭೆಗಳಲ್ಲಿ ಭಾಷಣ ಮಾಡಿದ. ಆಗ ರಷ್ಯಾ ಅಮೆರಿಕದ ಮಿತ್ರ. ಆದರೂ ಈ ಭಾಷಣಗಳು ವೆಸ್ಟ್‌ಬ್ರೂಕ್ ಪೆಗ್ಲರ್‌ನಂಥ ಅಂಕಣಕಾರರ ಕಣ್ಣು ಕೆಂಪಾಗಿಸಿದವು. ಗುಪ್ತಚರ ಸಂಸ್ಥೆ ಎಫ್‌ಬಿಐ ಆತನ ಮೇಲೆ ಇಟ್ಟಿದ್ದ ಕಡತ ಕೊನೆಗೆ 1,900 ಪುಟಗಳಷ್ಟು ಬೆಳೆಯಿತು.

1943ರಲ್ಲಿ ಜೋನ್ ಬ್ಯಾರಿ ಎಂಬ ತರುಣಿ, ತನ್ನ ಮಗುವಿಗೆ ಚಾಪ್ಲಿನ್ನೇ ತಂದೆ ಎಂದು ದಾವೆ ಹೂಡಿದಳು. ಹಾಲಿವುಡ್‌ನ ಗಾಳಿಸುದ್ದಿಯ ಅಂಕಣಗಾರ್ತಿ ಹೆಡ್ಡಾ ಹಾಪರ್ ಆಕೆಯ ಪರ ನಿಂತು ಚಾಪ್ಲಿನ್ ವಿರುದ್ಧ ಬರೆದಳು. ಹಾಪರ್‌ಗೂ ಎಫ್‌ಬಿಐಗೂ ನಡುವೆ ಮಾಹಿತಿಯ ಕೊಡುಕೊಳ್ಳುವಿಕೆ ಇತ್ತೆಂಬುದು ಬಹಿರಂಗವಾದ ಕಡತಗಳಿಂದ ತಿಳಿದುಬಂದಿದೆ. ಓದುಗನಿಗೆ ಮಾತ್ರ ಅದು ಆಗ ಗೊತ್ತಿರಲಿಲ್ಲ. ಆತ ಓದುತ್ತಿದ್ದದ್ದು ಒಬ್ಬ ಅಂಕಣಗಾರ್ತಿಯ ಅಭಿಪ್ರಾಯವೆಂದು ಭಾವಿಸಿದ್ದ.

1944ರ ಫೆಬ್ರವರಿಯಲ್ಲಿ ಸರ್ಕಾರವೂ ಕ್ರಿಮಿನಲ್ ಮೊಕದ್ದಮೆ ಹೂಡಿತು. ಕಾನೂನಿನಂತೆ ಬೆರಳಚ್ಚು ಕೊಡಲು ಚಾಪ್ಲಿನ್ ಹೋದಾಗ ಅಲ್ಲಿ ಕ್ಯಾಮೆರಾಗಳು ಕಾದಿದ್ದವು. ಬೆರಳಿಗೆ ಮಸಿ ಹಚ್ಚಿಸಿಕೊಳ್ಳುತ್ತಿರುವ ಬಿಳಿಕೂದಲಿನ ಚಾಪ್ಲಿನ್‌ನ ಫೋಟೋ ದೇಶದ ತುಂಬ ಅಚ್ಚಾಯಿತು. ಏಪ್ರಿಲ್ 4ರಂದು ಜ್ಯೂರಿ ಆತ ನಿರ್ದೋಷಿ ಎಂದಿತು. ಆದರೆ ಜನರ ಕಣ್ಣಲ್ಲಿ ಉಳಿದದ್ದು ಬೆರಳಚ್ಚಿನ ಫೋಟೋ.

ಇನ್ನು ಮಗುವಿನ ದಾವೆ. ವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ಗಮನ ಕೊಡಿ. ಚಾಪ್ಲಿನ್‌ನ ರಕ್ತದ ಗುಂಪು ‘ಓ’, ತಾಯಿಯದು ‘ಎ’, ಮಗುವಿನದು ‘ಬಿ’. ‘ಓ’ ಮತ್ತು ‘ಎ’ ಗುಂಪಿನ ತಂದೆತಾಯಿಗೆ ‘ಬಿ’ ಗುಂಪಿನ ಮಗು ಹುಟ್ಟುವುದಿಲ್ಲ ಎಂಬುದು ನಿಮ್ಮ ಪಠ್ಯಪುಸ್ತಕದಲ್ಲೇ ಇದೆ. ಮೂವರು ವೈದ್ಯರು ಇದನ್ನೇ ಹೇಳಿದರು. ಆದರೆ ಆಗ ಕ್ಯಾಲಿಫೋರ್ನಿಯಾದ ಕಾನೂನಿನಲ್ಲಿ ರಕ್ತ ಪರೀಕ್ಷೆ ಅಂತಿಮ ಪುರಾವೆಯಾಗಿರಲಿಲ್ಲ. ಮೊದಲ ಜ್ಯೂರಿಯಲ್ಲಿ ಒಮ್ಮತ ಮೂಡಲಿಲ್ಲ. 1945ರ ಏಪ್ರಿಲ್‌ನಲ್ಲಿ ಎರಡನೆಯ ಜ್ಯೂರಿ ಚಾಪ್ಲಿನ್ನೇ ತಂದೆ ಎಂದು ತೀರ್ಮಾನಿಸಿತು! ಮಗುವಿಗೆ 21 ತುಂಬುವವರೆಗೆ ಜೀವನಾಂಶ ಕೊಡಬೇಕಾಯಿತು. ಮುಂದೆ 1953ರಲ್ಲಿ ಕ್ಯಾಲಿಫೋರ್ನಿಯಾ ತನ್ನ ಕಾನೂನನ್ನು ತಿದ್ದಿಕೊಂಡಿತು. ವರ್ಷಗಟ್ಟಲೆ ತಲೆಬರಹಗಳನ್ನು ಓದಿದ ಹನ್ನೆರಡು ಮಂದಿಯ ಮುಂದೆ ಪ್ರಯೋಗಾಲಯದ ಒಂದು ವರದಿ ಎಷ್ಟು ಬಡವಾಗಬಲ್ಲದು ಎಂಬುದನ್ನು ಈ ಪ್ರಕರಣ ಓದಿದಾಗಲೆಲ್ಲ ನೆನೆಯುತ್ತೇನೆ. ಪತ್ರಿಕೆಗಳ ಬೆಳಕಿನಲ್ಲಿ ನಿಂತ ಜೋನ್ ಬ್ಯಾರಿಯ ಬದುಕೂ ಸುಖವಾಗಲಿಲ್ಲ. 1953ರಲ್ಲಿ ಆಕೆ ಮಾನಸಿಕ ಆಸ್ಪತ್ರೆ ಸೇರಿದಳು. ಆಗ ಆಕೆಯ ಪರ ಬರೆಯಲು ಯಾವ ಅಂಕಣವೂ ಸಾಲಾಗಿ ನಿಲ್ಲಲಿಲ್ಲ.

1947ರ ಪತ್ರಿಕಾಗೋಷ್ಠಿ

ಈ ಕಥೆಯಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಾಣುವ ದೃಶ್ಯ ನಡೆದದ್ದು 1947ರ ಏಪ್ರಿಲ್‌ನಲ್ಲಿ, ನ್ಯೂಯಾರ್ಕಿನ ಗೋಥಮ್ ಹೋಟೆಲಿನಲ್ಲಿ. ಆತನ ಹೊಸ ಚಿತ್ರ ‘ಮಸ್ಯೂರ್ ವರ್ಡೂ’ ಏಪ್ರಿಲ್ 11ರಂದು ತೆರೆಕಂಡಿತ್ತು. ಹಣಕ್ಕಾಗಿ ಹೆಂಗಸರನ್ನು ಮದುವೆಯಾಗಿ ಕೊಲ್ಲುವವನ ಕಥೆ. ಒಬ್ಬನನ್ನು ಕೊಂದರೆ ಕೊಲೆಗಾರ, ಯುದ್ಧದಲ್ಲಿ ಲಕ್ಷ ಜನರನ್ನು ಕೊಂದರೆ ವೀರನೇ ಎಂದು ಕೇಳುವ ಕಹಿ ಹಾಸ್ಯ. ಅಷ್ಟರಲ್ಲಿ ಕಾಲ ಬದಲಾಗಿತ್ತು. ರಷ್ಯಾ ಮಿತ್ರನಿಂದ ಶತ್ರುವಾಗಿತ್ತು, ಶೀತಲ ಸಮರ ಶುರುವಾಗಿತ್ತು.

ಪತ್ರಕರ್ತರು ಸಾಲುಸಾಲಾಗಿ ಕುಳಿತಿದ್ದರು. ಚಾಪ್ಲಿನ್ ಬಂದು, ಇನ್ನು ಕಸಾಯಿ ಕೆಲಸ ಶುರುವಾಗಲಿ ಎಂಬರ್ಥದ ಮಾತಿನಿಂದಲೇ ಗೋಷ್ಠಿ ತೆರೆದ. ಹಾಗೆಯೇ ಆಯಿತು. ಚಿತ್ರದ ಬಗ್ಗೆ ಕೇಳಿದವರು ಕಡಿಮೆ. ನೀವು ಕಮ್ಯೂನಿಸ್ಟರೇ? ಇಷ್ಟು ವರ್ಷ ಇಲ್ಲಿ ದುಡಿದೂ ಅಮೆರಿಕದ ಪೌರತ್ವವನ್ನೇಕೆ ಪಡೆಯಲಿಲ್ಲ? ಯುದ್ಧದಲ್ಲಿ ನೀವೇನು ಮಾಡಿದಿರಿ? ಸಂಗೀತಗಾರ ಹಾನ್ಸ್ ಐಸ್ಲರ್ ನಿಮ್ಮ ಸ್ನೇಹಿತನೇ? ಮಾಜಿ ಸೈನಿಕರ ಸಂಘವೊಂದರ ಪ್ರತಿನಿಧಿ ಪಟ್ಟು ಬಿಡದೆ ಕೇಳುತ್ತಲೇ ಹೋದ. 1917ರ ಬಿಳಿ ಗರಿ ಮೂವತ್ತು ವರ್ಷಗಳ ನಂತರ ಮತ್ತೆ ಹಾರಿಬಂದಿತ್ತು. ತಾನು ಕಮ್ಯೂನಿಸ್ಟನಲ್ಲ, ತಾನು ಜಗತ್ತಿನ ಪ್ರಜೆ ಎಂದು ಚಾಪ್ಲಿನ್ ಉತ್ತರಿಸಿದ. ತನ್ನ ಮಕ್ಕಳು ಯುದ್ಧದಲ್ಲಿ ಸೇವೆ ಸಲ್ಲಿಸಿದ್ದನ್ನೂ ಹೇಳಿದ.

ಆಗ ಮೇಲಿನ ಬಾಲ್ಕನಿಯಿಂದ ಒಂದು ದನಿ ಎದ್ದಿತು. ಅದು ವಿಮರ್ಶಕ ಜೇಮ್ಸ್ ಏಜಿಯದು. ಸಿಟ್ಟಿನಿಂದ ಕಂಪಿಸುತ್ತಿದ್ದ ಆತ ಕೇಳಿದ್ದರ ಸಾರ ಇಷ್ಟು: ಸ್ವತಂತ್ರ ದೇಶ ಎಂದು ಹೇಳಿಕೊಳ್ಳುವ ನಾಡಿನಲ್ಲಿ, ಒಬ್ಬ ಕಲಾವಿದನ ಪೌರತ್ವವನ್ನೂ ಖಾಸಗಿ ಬದುಕನ್ನೂ ಹೀಗೆ ಕೆದಕುವುದನ್ನು ನೋಡಿ ನಿಮಗೇನು ಅನ್ನಿಸುತ್ತದೆ? ಮುಂದೆ ‘ದಿ ನೇಷನ್’ ವಾರಪತ್ರಿಕೆಯಲ್ಲಿ ಏಜಿ ಆ ಚಿತ್ರದ ಬಗ್ಗೆ ಮೂರು ಕಂತುಗಳಲ್ಲಿ ಬರೆದ. ಈ ಗೋಷ್ಠಿಯನ್ನು ರೇಡಿಯೋದವರೊಬ್ಬರು ಧ್ವನಿಮುದ್ರಣ ಮಾಡಿಕೊಂಡಿದ್ದರಿಂದ ಅಲ್ಲಿ ನಡೆದದ್ದು ನಮಗೆ ಮಾತುಮಾತಿಗೂ ದೊರೆತಿದೆ. ಪತ್ರಿಕೆಗಳೆಂದರೆ ಒಂದೇ ದನಿಯಲ್ಲ. ಕೆಳಗೆ ಪ್ರಶ್ನೆ ಕೇಳಿದವರೂ ಪತ್ರಕರ್ತರೇ, ಮೇಲಿನಿಂದ ಕೇಳಿದವನೂ ಪತ್ರಕರ್ತನೇ.

ಹೋದದ್ದು, ಬಂದದ್ದು

1952ರ ಸೆಪ್ಟೆಂಬರ್ 17ರಂದು ಚಾಪ್ಲಿನ್ ಹೆಂಡತಿ ಊನಾ ಮತ್ತು ಮಕ್ಕಳೊಡನೆ ‘ಲೈಮ್‌ಲೈಟ್’ ಚಿತ್ರದ ಲಂಡನ್ ಪ್ರದರ್ಶನಕ್ಕಾಗಿ ಹಡಗು ಹತ್ತಿದ. ಎರಡು ದಿನಗಳ ನಂತರ, ಹಡಗು ನಡುಗಡಲಿನಲ್ಲಿದ್ದಾಗ, ಅಮೆರಿಕದ ಅಟಾರ್ನಿ ಜನರಲ್ ಜೇಮ್ಸ್ ಮೆಕ್‌ಗ್ರಾನರಿ ಆತನ ಮರುಪ್ರವೇಶದ ಪರವಾನಗಿಯನ್ನು ರದ್ದುಮಾಡಿದ. ಹಿಂದಿರುಗಬೇಕಾದರೆ ತನ್ನ ರಾಜಕೀಯ, ನಡತೆ ಎರಡರ ಬಗ್ಗೆಯೂ ವಿಚಾರಣೆ ಎದುರಿಸಬೇಕು ಎಂದಾಯಿತು. ಕೆಲವು ಪತ್ರಿಕೆಗಳು ಹಿಗ್ಗಿದವು, ಕೆಲವು ಮರುಗಿದವು. ಚಿತ್ರಮಂದಿರಗಳ ಮುಂದೆ ಪ್ರತಿಭಟನೆಗಳಾಗಿ ‘ಲೈಮ್‌ಲೈಟ್’ ಅಮೆರಿಕದ ಅನೇಕ ಕಡೆ ತೆರೆಯಿಂದ ಇಳಿಯಿತು. 1953ರ ಏಪ್ರಿಲ್‌ನಲ್ಲಿ ಚಾಪ್ಲಿನ್ ಜಿನೀವಾದಲ್ಲಿ ಪರವಾನಗಿಯನ್ನು ಹಿಂದಿರುಗಿಸಿ, ಸ್ವಿಟ್ಜರ್ಲೆಂಡಿನಲ್ಲೇ ನೆಲೆಸಿದ.

ಆತನ ನಿಜವಾದ ಹೆಸರು ಇಸ್ರೇಲ್ ಥಾರ್ನ್‌ಸ್ಟೈನ್ ಎಂಬೊಂದು ವದಂತಿಯೂ ಅಮೆರಿಕದ ಅಧಿಕಾರಿಗಳ ಕಡತ ಸೇರಿತ್ತು. ಬ್ರಿಟನ್ನಿನ ಗುಪ್ತಚರ ಸಂಸ್ಥೆಯ ಕಡತ 2012ರಲ್ಲಿ ಬಹಿರಂಗವಾಯಿತು. ಆ ವದಂತಿಗೆ ಆಧಾರ ಸಿಕ್ಕಿರಲಿಲ್ಲ, ಚಾಪ್ಲಿನ್ ದೇಶದ ಭದ್ರತೆಗೆ ಅಪಾಯ ಎಂಬುದಕ್ಕೂ ಆಧಾರ ಸಿಕ್ಕಿರಲಿಲ್ಲ. ಸತ್ಯ ಹೊರಬರಲು ಅರವತ್ತು ವರ್ಷ ಬೇಕಾಯಿತು.

1972ರ ಏಪ್ರಿಲ್ 10ರಂದು, ಇಪ್ಪತ್ತು ವರ್ಷಗಳ ನಂತರ, ಗೌರವ ಆಸ್ಕರ್ ಸ್ವೀಕರಿಸಲು ಚಾಪ್ಲಿನ್ ಲಾಸ್ ಏಂಜಲೀಸ್‌ನ ವೇದಿಕೆಗೆ ಬಂದ. ಸಭಿಕರು ಎದ್ದುನಿಂತು ಹನ್ನೆರಡು ನಿಮಿಷ ಚಪ್ಪಾಳೆ ತಟ್ಟಿದರು. ಎಂಬತ್ತೆರಡರ ಮುದುಕನ ಕಣ್ಣು ತುಂಬಿತ್ತು. ‘ಲೈಮ್‌ಲೈಟ್’ ಅದೇ ವರ್ಷ ಲಾಸ್ ಏಂಜಲೀಸ್‌ನಲ್ಲಿ ತೆರೆಕಂಡು, 1973ರಲ್ಲಿ ಅದರ ಸಂಗೀತಕ್ಕೆ ಆಸ್ಕರ್ ಬಂತು. 1952ರ ಚಿತ್ರಕ್ಕೆ 1973ರಲ್ಲಿ ಪ್ರಶಸ್ತಿ! ನನ್ನ ನೋಟ್‌ಬುಕ್ಕಿನಲ್ಲಿದ್ದದ್ದು ಬಹುಪಾಲು ಈ ಚಪ್ಪಾಳೆಯ ನಂತರದ ಬರಹಗಳು. ಅವುಗಳನ್ನು ಓದಿದರೆ, ಆ ನಡುವಿನ ಇಪ್ಪತ್ತು ವರ್ಷಗಳಲ್ಲಿ ಯಾರೂ ಆತನಿಗೆ ಏನೂ ಮಾಡಿರಲಿಲ್ಲವೇನೋ ಅನ್ನಿಸುತ್ತದೆ.

ನಮ್ಮ ಅಂಗಳಕ್ಕೂ ಬಂದ ಸುದ್ದಿ

ಚಾಪ್ಲಿನ್ ಸತ್ತ ಮೇಲೂ ಸುದ್ದಿ ಮುಗಿಯಲಿಲ್ಲ. 2009ರಲ್ಲಿ ಕನ್ನಡ ಚಿತ್ರ ನಿರ್ದೇಶಕರೊಬ್ಬರು ತಮ್ಮ ಚಿತ್ರಕ್ಕಾಗಿ ಉಡುಪಿ ಜಿಲ್ಲೆಯ ಬೈಂದೂರು ಬಳಿಯ ಕಡಲತೀರದಲ್ಲಿ 67 ಅಡಿ ಎತ್ತರದ ಚಾಪ್ಲಿನ್ ಪ್ರತಿಮೆ ನಿಲ್ಲಿಸಲು ಹೊರಟರು. ಸ್ಥಳೀಯವಾಗಿ ಕೆಲವರಿಂದ ವಿರೋಧ ಬಂದು ಕೆಲಸ ನಿಂತಿತು. ಕಡಲ ಮರಳಿನ ಈ ಸುದ್ದಿ ಲಂಡನ್ನಿನ ಪತ್ರಿಕೆಗಳವರೆಗೂ ಹೋಯಿತು. ಎಂದೂ ನಮ್ಮ ಕರಾವಳಿಗೆ ಕಾಲಿಡದ ಮನುಷ್ಯ ಇಲ್ಲಿಯೂ ವಾದಕ್ಕೆ ವಸ್ತುವಾದ.

ಮಿತ್ರರೇ, ಇದರಿಂದ ನಾವು ಕಲಿಯಬೇಕಾದದ್ದೇನು? ‘ಪತ್ರಿಕೆಗಳನ್ನು ನಂಬಬೇಡಿ’ ಎಂದು ನಾನು ಹೇಳುವುದಿಲ್ಲ. ಚಾಪ್ಲಿನ್ ಕಥೆ ನಮಗೆ ತಿಳಿದಿರುವುದೇ ಪತ್ರಿಕೆಗಳಿಂದ. ನಾನು ಹೇಳುವುದು, ಓದುವಾಗ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಬರೆದವರಿಗೆ ಈ ಮಾಹಿತಿ ಎಲ್ಲಿಂದ ಬಂತು? ಇದು ನಡೆದದ್ದೋ, ಯಾರೋ ಹೊರಿಸಿದ ಆರೋಪವೋ, ನ್ಯಾಯಾಲಯ ತೀರ್ಮಾನಿಸಿದ್ದೋ? ಇದು ಅಚ್ಚಾದಾಗ ದೇಶದಲ್ಲಿ ಏನು ನಡೆಯುತ್ತಿತ್ತು? ಈ ಬರಹದಲ್ಲಿ ಯಾರ ದನಿ ಇಲ್ಲ? ಇಂದು ಪತ್ರಿಕೆಗಿಂತ ಮೊಬೈಲು ಬೇಗ ಸುದ್ದಿ ತರುತ್ತದೆ. ಪ್ರಶ್ನೆಗಳು ಮಾತ್ರ ಅವೇ.

ಅಭಿಮಾನಿಯಾಗಿ ಇನ್ನೊಂದು ಮಾತು. ಚಾಪ್ಲಿನ್‌ನ ಶತ್ರುಗಳು ಆತನ ಚಿತ್ರಗಳನ್ನು ಮರೆತು ತಪ್ಪುಗಳನ್ನು ಮಾತ್ರ ಕತ್ತರಿಸಿ ಇಟ್ಟುಕೊಂಡರು. ನಾನು ತಪ್ಪುಗಳನ್ನು ಬಿಟ್ಟು ಹೊಗಳಿಕೆಯನ್ನು ಮಾತ್ರ ಇಟ್ಟುಕೊಂಡೆ. ಕತ್ತರಿ ಒಂದೇ, ಹಿಡಿದ ಕೈ ಬೇರೆ. ಆ ಹಳೆಯ ನೋಟ್‌ಬುಕ್ ಇನ್ನೂ ನನ್ನ ಬಳಿ ಇದೆ. ಖಾಲಿ ಉಳಿದಿದ್ದ ಹಾಳೆಗಳಲ್ಲಿ ಈಗ 1917, 1927, 1945, 1947, 1952ರ ಕಥೆಗಳನ್ನೂ ಬರೆದಿಟ್ಟಿದ್ದೇನೆ. ಅವನ್ನೆಲ್ಲ ಓದಿ ಮುಗಿಸಿದ ಮೇಲೂ, ಬೇಯಿಸಿದ ಬೂಟಿನ ದೃಶ್ಯ ಕಂಡರೆ ನನಗೆ ಮೊದಲಿನಷ್ಟೇ ನಗು ಬರುತ್ತದೆ.

ಮಾಡಿ ನೋಡಿ

1. ನಿಮ್ಮ ಊರಿನ ಗ್ರಂಥಾಲಯದಲ್ಲಿ ಹಳೆಯ ಪತ್ರಿಕೆಗಳ ಕಟ್ಟುಗಳಿದ್ದರೆ, ನರಸಿಂಹರಾಜು, ಬಾಲಕೃಷ್ಣ, ದ್ವಾರಕೀಶ್ ಇವರಲ್ಲಿ ಒಬ್ಬರ ಬಗ್ಗೆ ಬಂದ ಬರಹಗಳನ್ನು ಹುಡುಕಿ. ಅವರು ಬದುಕಿದ್ದಾಗ ಬರೆದದ್ದಕ್ಕೂ ತೀರಿಕೊಂಡ ಮೇಲೆ ಬರೆದದ್ದಕ್ಕೂ ಇರುವ ವ್ಯತ್ಯಾಸವನ್ನು ಗುರುತು ಮಾಡಿ.

2. ಒಂದೇ ದಿನದ ಒಂದೇ ಸುದ್ದಿಯನ್ನು ಎರಡು ಪತ್ರಿಕೆಗಳಲ್ಲಿ ಓದಿ. ತಲೆಬರಹಗಳನ್ನು ಅಕ್ಕಪಕ್ಕದಲ್ಲಿ ಬರೆದು, ಯಾವುದು ಸಂಗತಿ, ಯಾವುದು ಅಭಿಪ್ರಾಯ ಎಂದು ತರಗತಿಯಲ್ಲಿ ಚರ್ಚಿಸಿ.

3. ನೀವು ಮೆಚ್ಚುವ ಒಬ್ಬ ಕಲಾವಿದರ ಬಗ್ಗೆ ಒಂದು ಪುಟ ಬರೆಯಿರಿ. ಅದರಲ್ಲಿ ನಿಮಗೆ ಒಪ್ಪಿಕೊಳ್ಳಲು ಕಷ್ಟವಾದ ಒಂದು ಸಂಗತಿಯಾದರೂ ಇರಲಿ.